ತಗಡಿನ ಮನೆಗೊಂದು ಕಂಬಳಿ

ಸ್ಕಾಟ್ಲೆಂಡಿನ ಉತ್ತರದಲ್ಲಿ, ನೆಸ್ ನದಿಯು ಸಮುದ್ರವನ್ನು ಸೇರುವ ಎಡೆಯಲ್ಲಿ, ಇನ್ವರ್ನೆಸ್ ಎಂಬ ನಗರವಿದೆ. ಭೂಮಧ್ಯರೇಖೆಯಿಂದ ಐವತ್ತೇಳೂವರೆ ಡಿಗ್ರಿ ಉತ್ತರಕ್ಕಿರುವ ಈ ಊರಿನಲ್ಲಿ ಡಿಸೆಂಬರ್ ತಿಂಗಳ ನಡುವೆ ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ಸೂರ್ಯ ಮೂಡುತ್ತಾನೆ. ಮಧ್ಯಾಹ್ನ ಮೂರೂವರೆಗೆಲ್ಲ ಮುಳುಗಿಬಿಡುತ್ತಾನೆ. ಶಾಲೆಯ ಮಕ್ಕಳು ಕತ್ತಲಲ್ಲಿ ಮನೆ ಬಿಟ್ಟು ಕತ್ತಲಾಗುವ ಹೊತ್ತಿಗೆ ಮನೆ ಸೇರುವ ಊರು ಇದು. ಇಲ್ಲಿಯ ಕೋಟೆಯ ಬಳಿ ಹೊರಟು, ಪಶ್ಚಿಮದ ಕಡಲು, ಉತ್ತರದ ಬಂಡೆಗಲ್ಲು, ಪೂರ್ವದ ಬಯಲುಗಳನ್ನು ಸುತ್ತಿ ಮತ್ತೆ ಅಲ್ಲಿಗೇ ಬಂದು ಸೇರುವ 516 ಮೈಲಿಗಳ ಹಾದಿಗೆ 2015ರಲ್ಲಿ 'ನಾರ್ತ್ ಕೋಸ್ಟ್ 500' ಎಂಬ ಹೆಸರನ್ನು ಇಡಲಾಯಿತು. ರಸ್ತೆಗಳು ಹಳೆಯವು, ಹೆಸರು ಮಾತ್ರ ಹೊಸದು. ಆ ಹೆಸರಿನ ಬೆನ್ನು ಹತ್ತಿ ಬಂದವುಗಳಲ್ಲಿ ಮುಖ್ಯವಾದುದು ಕ್ಯಾಂಪರ್ ವ್ಯಾನ್, ಎಂದರೆ ಮಲಗುವ ಹಾಸಿಗೆ, ಅಡುಗೆಯ ಒಲೆ, ನೀರಿನ ತೊಟ್ಟಿಗಳನ್ನು ಒಡಲಲ್ಲಿ ಇಟ್ಟುಕೊಂಡು ತಿರುಗುವ ಮನೆ.

ಕಾರ್ಖಾನೆಯಿಂದಲೇ ಮನೆಯಾಗಿ ಹೊರಬಂದ ಗಾಡಿಗಳು ಬಹಳ ದುಬಾರಿ. ಆದುದರಿಂದ ಬ್ರಿಟನ್ನಿನ ಅನೇಕರು ಪಾರ್ಸೆಲ್ ಹಂಚಿ, ಬಡಗಿಯ ಸಾಮಾನು ಹೊತ್ತು ಹಳತಾದ ಫೋರ್ಡ್ ಟ್ರಾನ್ಸಿಟ್, ಮರ್ಸಿಡಿಸ್ ಸ್ಪ್ರಿಂಟರ್, ರೆನೋ ಮಾಸ್ಟರ್ ಮೊದಲಾದ ಸರಕು ಗಾಡಿಗಳನ್ನು ಕೊಂಡು, ಅಂಗಳದಲ್ಲಿಯೋ ಬಾಡಿಗೆಯ ಕೊಟ್ಟಿಗೆಯಲ್ಲಿಯೋ ತಮ್ಮ ಕೈಯಾರೆ ಮನೆಯಾಗಿ ಮಾರ್ಪಡಿಸುತ್ತಾರೆ. ಇವರಲ್ಲಿ ನಿವೃತ್ತರಿದ್ದಾರೆ, ರಜೆಯಲ್ಲಿ ಮಕ್ಕಳನ್ನು ಕಡಲು ತೋರಿಸಲು ಕರೆದೊಯ್ಯುವ ಸಂಸಾರಿಗಳಿದ್ದಾರೆ. ನಗರದ ಬಾಡಿಗೆಯನ್ನು ತೆರಲಾರದೆ ವರ್ಷವಿಡೀ ವ್ಯಾನಿನಲ್ಲಿಯೇ ಬಾಳುವವರೂ ಇದ್ದಾರೆ. ಈ ಕೊನೆಯ ವರ್ಗದವರ ಪಾಲಿಗೆ ವ್ಯಾನು ವಿನೋದವಲ್ಲ, ಸೂರು. ಅದು ಒಳಗಿನಿಂದ ಕೊಳೆತರೆ ಅವರಿಗೆ ಹೋಗಲು ಬೇರೊಂದು ಮನೆಯಿಲ್ಲ.

ಖಾಲಿ ಮಾಡಿದ ವ್ಯಾನಿನ ಒಡಲನ್ನು ಒಮ್ಮೆ ನೋಡಬೇಕು. ಒಂದು ಮಿಲಿಮೀಟರಿನಷ್ಟು ದಪ್ಪವೂ ಇಲ್ಲದ ಉಕ್ಕಿನ ತಗಡು. ಅದನ್ನು ಹಿಡಿದು ನಿಲ್ಲಿಸಿದ, ಎತ್ತಿನ ಪಕ್ಕೆಲುಬುಗಳಂತೆ ಬಾಗಿದ ಉಕ್ಕಿನ ಪಟ್ಟಿಗಳು. ಅವುಗಳ ನಡುವೆ ಟೊಳ್ಳು. ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಕುಳಿತು ಬೆಂದವರಿಗೆ ತಗಡಿನ ಸ್ವಭಾವವನ್ನು ಹೇಳಿಕೊಡಬೇಕಾಗಿಲ್ಲ. ಹೊರಗಿನ ಬಿಸಿಯನ್ನು ಎಷ್ಟು ಬೇಗ ಒಳಕ್ಕೆ ತರುತ್ತದೆಯೋ ಒಳಗಿನ ಬಿಸಿಯನ್ನು ಅಷ್ಟೇ ಬೇಗ ಹೊರಕ್ಕೆ ಕಳೆಯುತ್ತದೆ. ಹಾಸಿಗೆ, ಒಲೆ, ಬೀರು ಇವೆಲ್ಲ ಆಮೇಲಿನ ಮಾತು. ಆ ಪಕ್ಕೆಲುಬುಗಳ ನಡುವಿನ ಟೊಳ್ಳಿಗೆ ಏನನ್ನು ತುಂಬಬೇಕೆಂಬುದೇ ಮೊದಲ ಪ್ರಶ್ನೆ. ಮೇಲೆ ಪ್ಲೈವುಡ್ ಹೊಡೆದು ಮುಚ್ಚಿದ ಮೇಲೆ ಅದನ್ನು ಬದಲಿಸುವುದೆಂದರೆ ಇಡೀ ಮನೆಯನ್ನು ಕಿತ್ತುಹಾಕಿದಂತೆಯೇ.

ಕಾನೂನು ಈ ಪ್ರಶ್ನೆಯ ಗೋಜಿಗೆ ಹೋಗಿಲ್ಲವೆಂಬುದು ಒಂದು ಸ್ವಾರಸ್ಯ. ಬ್ರಿಟನ್ನಿನ ವಾಹನ ನೋಂದಣಿ ಇಲಾಖೆಯು ಸರಕು ವ್ಯಾನೊಂದನ್ನು 'ಮೋಟಾರ್ ಕ್ಯಾರವಾನ್' ಎಂದು ದಾಖಲಿಸಬೇಕಾದರೆ ಹೊರಗೂ ಒಳಗೂ ಕೆಲವು ಲಕ್ಷಣಗಳನ್ನು ಕೇಳುತ್ತದೆ. ಒಂದು ಬದಿಯಲ್ಲಾದರೂ ಎರಡು ಕಿಟಕಿಗಳಿರಬೇಕು, ಎರಡೂ ಮೈಮೇಲೆ ಕ್ಯಾರವಾನಿಗೆ ಒಪ್ಪುವ ಚಿತ್ರಪಟ್ಟಿಗಳಿರಬೇಕು, ನೆರಳಿನ ಚಪ್ಪರವನ್ನು ಸಿಕ್ಕಿಸುವ ಪಟ್ಟಿ ಇರಬೇಕು, ಒಳಗೆ ಮಲಗುವ ಸ್ಥಳವೂ ಮೇಜೂ ಅಡುಗೆಯ ವ್ಯವಸ್ಥೆಯೂ ಇರಬೇಕು. ಗೋಡೆಯೊಳಗೆ ಏನಿರಬೇಕೆಂಬ ಮಾತು ಆ ಪಟ್ಟಿಯಲ್ಲಿಲ್ಲ. ಮೈಮೇಲಿನ ಬಣ್ಣದ ಪಟ್ಟಿ ಕಾಗದಕ್ಕೆ ಬೇಕು. ಮೈಯೊಳಗಿನ ತುಂಬು ಮಲಗುವವನಿಗೆ ಬೇಕು. ಎರಡನೆಯದನ್ನು ಅವನ ವಿವೇಕಕ್ಕೇ ಬಿಡಲಾಗಿದೆ.

ಆ ವಿವೇಕಕ್ಕೆ ಆಧಾರವಾಗಬೇಕಾದುದು ಶಾಲೆಯ ವಿಜ್ಞಾನ ಪುಸ್ತಕದ ಒಂದು ಪುಟ. ಶಾಖವನ್ನು ತಡೆಯುವುದು ಉಣ್ಣೆಯಾಗಲಿ, ಥರ್ಮೋಕೋಲಾಗಲಿ, ರಬ್ಬರಿನ ನೊರೆಯಾಗಲಿ ಅಲ್ಲ; ಅವುಗಳ ಎಳೆಗಳ ನಡುವೆ, ಗುಳ್ಳೆಗಳ ಒಳಗೆ ಸೆರೆಸಿಕ್ಕಿ ಅಲುಗದೆ ನಿಂತ ಗಾಳಿ ಅಥವಾ ಅನಿಲ. ಕುರಿಯ ಉಣ್ಣೆಗೆ ಹೋಲಿಸಿದರೆ ಉಕ್ಕು ಸಾವಿರ ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಜತ್ತ, ಅಕ್ಕಲಕೋಟೆಗಳ ಕಡೆಯ ಕುರುಬರು ಹೆಗಲ ಮೇಲೆ ಹೊತ್ತ ಕರಿಯ ಕಂಬಳಿಯ ಗುಟ್ಟೂ ಇದೇ. ಚಳಿಯಲ್ಲಿ ಹೊದಿಕೆ, ಬಿಸಿಲಿನಲ್ಲಿ ನೆರಳು, ಮಳೆಯಲ್ಲಿ ಕೊಪ್ಪೆ. ನೆನೆದ ಮೇಲೂ ಕಂಬಳಿ ಮೈಯನ್ನು ಸ್ವಲ್ಪ ಬೆಚ್ಚಗೇ ಇಡುತ್ತದೆಂಬುದು ಹಟ್ಟಿಯ ಬಳಿ ರಾತ್ರಿ ಕಳೆದವರಿಗೆಲ್ಲ ತಿಳಿದ ಸಂಗತಿ. ಆ ಗುಣವೇ ಮುಂದೆ ಈ ಚರ್ಚೆಯ ನಡುಬಿಂದುವಾಗಲಿದೆ.

ಇನ್ವರ್ನೆಸ್ಸಿನ ಕಟ್ಟಡ ಸಾಮಾನಿನ ಅಂಗಡಿಯಲ್ಲಿ ಹೊಕ್ಕವನ ಮುಂದೆ ಆಯ್ಕೆಗಳ ಸಂತೆಯೇ ನೆರೆದಿರುತ್ತದೆ. ಹಾಲಿನ ಬಣ್ಣದ ಥರ್ಮೋಕೋಲ್ ಅಗ್ಗ, ಆದರೆ ಪಿ.ವಿ.ಸಿ. ಹೊದಿಕೆಯ ವಿದ್ಯುತ್ ತಂತಿಗೆ ಅದು ತಾಗಿಕೊಂಡಿದ್ದರೆ ತಂತಿಯ ಹೊದಿಕೆ ಕಾಲಕ್ರಮದಲ್ಲಿ ಗಡುಸಾಗಿ ಬಿರಿಯುತ್ತದೆ, ಬೆಂಕಿ ತಗುಲಿದರೆ ತಾನು ಕರಗಿ ಉರಿಯುತ್ತದೆ. ಅದರ ಗಟ್ಟಿ ಸಹೋದರನಾದ ಎಕ್ಸ್.ಪಿ.ಎಸ್. ಹಲಗೆ ತುಳಿತವನ್ನು ತಾಳುವುದರಿಂದ ನೆಲಕ್ಕೆ ಹೇಳಿ ಮಾಡಿಸಿದಂಥದು. ಬೆಳ್ಳಿಯ ಹಾಳೆ ಅಂಟಿಸಿದ ಪಿ.ಐ.ಆರ್. ಹಲಗೆ ಶಾಖ ತಡೆಯುವುದರಲ್ಲಿ ಎಲ್ಲರಿಗಿಂತ ಮುಂದು: 25 ಮಿಲಿಮೀಟರ್ ದಪ್ಪದ ಹಲಗೆಯೊಂದು ಸುಮಾರು 40 ಮಿಲಿಮೀಟರ್ ಉಣ್ಣೆಯ ಕೆಲಸವನ್ನು ಮಾಡುತ್ತದೆ. ಆದರೆ ವ್ಯಾನಿನ ಮೈ ನೇರವಾದ ಗೋಡೆಯಲ್ಲ, ಬಾಗಿದ ತಗಡು. ಬಾಗದ ಹಲಗೆಯ ಹಿಂದೆ ಸಂದು ಉಳಿಯುತ್ತದೆ, ಗಾಡಿ ಓಡಿದಂತೆ ಹಲಗೆ ಲೋಹಕ್ಕೆ ಉಜ್ಜಿ ಕಿರುಗುಟ್ಟುತ್ತದೆ, ಅಂಚುಗಳು ಪುಡಿಯಾಗುತ್ತವೆ. ಕಟ್ಟಡದ ಗೋಡೆ ನಿಂತಲ್ಲಿ ನಿಲ್ಲುತ್ತದೆ, ವ್ಯಾನಿನ ಗೋಡೆ ಕುಲುಕುತ್ತದೆ. ಕಟ್ಟಡದ ಸಾಮಾನನ್ನು ಕಣ್ಣು ಮುಚ್ಚಿ ವ್ಯಾನಿಗೆ ತರುವವರು ಮರೆಯುವ ವ್ಯತ್ಯಾಸ ಇದು. ಗಾಜಿನ ನಾರಿನ ಹಾಸು ಉರಿಯುವುದಿಲ್ಲವಾದರೂ ಇದೇ ಕಾರಣಕ್ಕೆ ಕುಲುಕಾಟದಲ್ಲಿ ಜರಿದು ಕೆಳಗೆ ಕೂತು, ಮೇಲೆ ಬರಿದಾದ ಜಾಗವನ್ನು ಉಳಿಸುತ್ತದೆ.

ಪಿಚಕಾರಿಯಿಂದ ಸಿಂಪಡಿಸಿದೊಡನೆ ಉಬ್ಬಿ ಗಟ್ಟಿಯಾಗುವ ನೊರೆಯು ಎಲ್ಲ ಸಂದುಗಳನ್ನೂ ತುಂಬುತ್ತದೆಂಬುದು ನಿಜ. ಅದರ ದೋಷವೂ ಅದೇ. ಪಕ್ಕೆಲುಬುಗಳ ಒಳಗೆ ನೀರು ಹರಿದುಹೋಗಲೆಂದು ಕಾರ್ಖಾನೆಯವರು ಬಿಟ್ಟಿರುವ ತೂತುಗಳನ್ನು ಅದು ಮುಚ್ಚಿಬಿಟ್ಟರೆ, ನಿಂತ ನೀರು ಒಳಗಿನಿಂದ ತುಕ್ಕನ್ನು ಎಬ್ಬಿಸುತ್ತದೆ. ಉಬ್ಬುವ ಭರದಲ್ಲಿ ತಗಡನ್ನೇ ಬಾಗಿಸುವುದೂ ಉಂಟು. ಮುಂದೆ ತಂತಿಯೊಂದನ್ನು ಸರಿಪಡಿಸಬೇಕಾದರೆ ಕೆತ್ತಿ ತೆಗೆಯಬೇಕು. ಇನ್ನು ಗುಳ್ಳೆಗಳ ಬೆಳ್ಳಿಹಾಳೆಯ ಮಾತು. ನೋಡಲು ಅಂತರಿಕ್ಷಯಾನದ ಸಾಮಗ್ರಿಯಂತೆ ಮಿನುಗುವ ಈ ತೆಳು ಹಾಳೆ ತನ್ನೆದುರು ಗಾಳಿಯ ತೆರವಿದ್ದಾಗ ಮಾತ್ರ ಶಾಖವನ್ನು ಹಿಂದಿರುಗಿಸುತ್ತದೆ. ತಗಡಿಗೂ ಪ್ಲೈವುಡ್ಡಿಗೂ ನಡುವೆ ಅಪ್ಪಚ್ಚಿಯಾಗಿ ಸಿಕ್ಕಿಕೊಂಡರೆ ಅದರಿಂದ ಆಗುವ ಪ್ರಯೋಜನ ಅತ್ಯಲ್ಪ. ಆದರೂ ಅಗ್ಗವೆಂದು ಅದೊಂದನ್ನೇ ನಂಬಿ ಉತ್ತರಕ್ಕೆ ಹೊರಡುವವರಿದ್ದಾರೆ.

ಇವೆಲ್ಲವನ್ನೂ ದಾಟಿ ಬಂದ ಮೇಲೆ ಕಣದಲ್ಲಿ ಉಳಿಯುವವು ಎರಡು. ಒಂದು, ಕೊಳವೆಗಳಿಗೆ ಹೊದಿಸಲೆಂದು ಹುಟ್ಟಿದ, ಆರ್ಮಾಫ್ಲೆಕ್ಸ್ ಮೊದಲಾದ ಹೆಸರುಗಳಲ್ಲಿ ಮಾರುವ ಕಪ್ಪು ರಬ್ಬರ್ ನೊರೆ. ಅದರ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವುದಿಲ್ಲ; ಆದುದರಿಂದ ಆವಿಯನ್ನು ಬಲುಮಟ್ಟಿಗೆ ಒಳಬಿಡುವುದಿಲ್ಲ. ಹಿಂಬದಿಯ ಅಂಟಿನ ಕಾಗದವನ್ನು ಸುಲಿದು ತಗಡಿಗೆ ಒತ್ತಿದರೆ ಬಾಗಿದಲ್ಲಿ ಬಾಗಿ ಮೈಗೆ ಮೈ ಹತ್ತಿ ಕೂರುತ್ತದೆ. ಬೆಲೆ ಹೆಚ್ಚು, ಚಳಿಗಾಲದಲ್ಲಿ ಅಂಟೂ ಸರಿಯಾಗಿ ಹಿಡಿಯದು. ಇನ್ನೊಂದು, ಕುರಿಯ ಉಣ್ಣೆ. ಬ್ರಿಟನ್ನಿನ ಗುಡ್ಡಗಳಲ್ಲಿ ಮೇಯುವ ಒರಟು ತುಪ್ಪಟದ ಕುರಿಗಳ ಉಣ್ಣೆಗೆ ಈಗ ಸಿಗುವ ಬೆಲೆ ಅದನ್ನು ಕತ್ತರಿಸುವ ಕೂಲಿಗೂ ಸಾಲದೆ ಹೋಗುವುದುಂಟು. ದಖನ್ನಿನ ಕುರುಬರ ಉಣ್ಣೆಯೂ ಕೊಳ್ಳುವವರಿಲ್ಲದೆ ಹೊಲದ ಬದುವಿನಲ್ಲಿ ಬೀಳುತ್ತಿರುವುದನ್ನು ಬಲ್ಲವರಿಗೆ ಇದು ದೂರದ ಸುದ್ದಿಯೆನಿಸದು. ಅಂಥ ಉಣ್ಣೆಯನ್ನು ತೊಳೆದು, ನುಸಿ ಹತ್ತದಂತೆ ಸಂಸ್ಕರಿಸಿ, ಹಾಸಿಗೆಯ ಸುರುಳಿಯಂತೆ ಮಾಡಿ ಮಾರುತ್ತಾರೆ. ಉಣ್ಣೆ ಸುಲಭವಾಗಿ ಉರಿಯದು. ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸದು.

ದಪ್ಪದ ಲೆಕ್ಕವನ್ನು ಇಲ್ಲಿಯೇ ಮುಗಿಸಿಬಿಡಬಹುದು. ವ್ಯಾನಿನ ಹೊರಮೈ ಸುಮಾರು 30 ಚದರ ಮೀಟರ್ ಎಂದೂ, ಒಳಗಿನ ಮತ್ತು ಹೊರಗಿನ ತಾಪಕ್ಕೆ 20 ಡಿಗ್ರಿ ಅಂತರವಿದೆಯೆಂದೂ ಇಟ್ಟುಕೊಂಡರೆ, ಬರಿಯ ತಗಡಿನ ಮೂಲಕ ಸುಮಾರು 3,500 ವ್ಯಾಟಿನಷ್ಟು ಶಾಖ ಸೋರಿಹೋಗುತ್ತದೆ. 25 ಮಿಲಿಮೀಟರ್ ಉಣ್ಣೆ ಹೊದಿಸಿದರೆ ಅದು 720ಕ್ಕೆ ಇಳಿಯುತ್ತದೆ. 50 ಹೊದಿಸಿದರೆ 400ಕ್ಕೆ. 100 ಹೊದಿಸಿದರೆ 210ಕ್ಕೆ. ಇದು ಕಾಗದದ ಮೇಲಿನ ಲೆಕ್ಕ, ಉಕ್ಕಿನ ಪಕ್ಕೆಲುಬುಗಳ ಮೂಲಕ ಸೋರುವುದು ಬೇರೆ. ಆದರೂ ಮೊದಲ ಅಂಗುಲ ಉಳಿಸಿಕೊಡುವಷ್ಟನ್ನು ನಾಲ್ಕನೆಯ ಅಂಗುಲ ಉಳಿಸಿಕೊಡದೆಂಬುದು ಸ್ಪಷ್ಟ. ಇತ್ತ ವ್ಯಾನಿನ ಒಳ ಅಗಲ ಸುಮಾರು 1.8 ಮೀಟರ್. ಎರಡೂ ಬದಿಗೆ ಹತ್ತು ಹತ್ತು ಸೆಂಟಿಮೀಟರ್ ತುಂಬಿದರೆ ಅಡ್ಡಲಾಗಿ ಮಲಗುವವನು ಕಾಲು ಮಡಚಿಕೊಳ್ಳಬೇಕಾಗುತ್ತದೆ. ಬೆಚ್ಚಗಿನ ನಿದ್ದೆಗಾಗಿ ನಿದ್ದೆಯ ಜಾಗವನ್ನೇ ಕಳೆದುಕೊಳ್ಳುವುದು ಯಾರಿಗೂ ಬೇಡ.

ಇನ್ವರ್ನೆಸ್ಸನ್ನು ಬಿಟ್ಟು ಪಶ್ಚಿಮಕ್ಕೆ ಸಾಗಿದರೆ ಬೆಟ್ಟಗಳು ಒತ್ತಾಗುತ್ತವೆ, ರಸ್ತೆ ಒಂದೇ ಗಾಡಿಯ ಅಗಲಕ್ಕೆ ಕಿರಿದಾಗುತ್ತದೆ. ಎದುರಿನ ಗಾಡಿಗೆ ದಾರಿ ಕೊಡಲೆಂದು ಅಲ್ಲಲ್ಲಿ ರಸ್ತೆಯ ಬದಿಯನ್ನು ಹಿಗ್ಗಿಸಿ ಫಲಕ ನೆಟ್ಟಿದ್ದಾರೆ. ಆಪಲ್‌ಕ್ರಾಸ್ ಎಂಬ ಕಡಲ ಹಳ್ಳಿಗೆ ಇಳಿಯುವ ಮೊದಲು 'ಬ್ಯಾಲಖ್ ನ ಬಾ' ಎಂಬ ಕಣಿವೆದಾರಿಯನ್ನು ಏರಬೇಕು. ಗೇಲಿಕ್ ನುಡಿಯಲ್ಲಿ ಅದರರ್ಥ ದನಗಳ ಕಣಿವೆ. ಕಡಲಮಟ್ಟದಿಂದ ಹೊರಟ ದಾರಿ ತಿರುವು ತಿರುವುಗಳಲ್ಲಿ 626 ಮೀಟರ್ ಎತ್ತರಕ್ಕೆ ಹೋಗುತ್ತದೆ. ಹಿಮ ಬಿದ್ದ ದಿನಗಳಲ್ಲಿ ಮುಚ್ಚಿಯೂ ಇರುತ್ತದೆ. ದೊಡ್ಡ ಗಾಡಿಗಳು ಈ ದಾರಿಯನ್ನು ಬಿಡಬೇಕೆಂಬ ಸೂಚನೆ ಬುಡದಲ್ಲಿಯೇ ಇದೆ. ಹಿಂದೆ ಈ ಬೆಟ್ಟಗಾಡಿನಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದವರು ಬಯಲಿನಲ್ಲಿಯೇ ಉಣ್ಣೆಯ ದಟ್ಟಿಯನ್ನು ಸುತ್ತಿಕೊಂಡು ಮಲಗುತ್ತಿದ್ದರು. ಬೆಟ್ಟದ ಜನ ದಟ್ಟಿಯನ್ನು ಬೇಕೆಂದೇ ನೀರಿನಲ್ಲಿ ಅದ್ದಿ ಸುತ್ತಿಕೊಳ್ಳುತ್ತಿದ್ದರೆಂದು 18ನೆಯ ಶತಮಾನದ ಬರಹಗಳಲ್ಲಿ ಇದೆ: ನೆನೆದ ಎಳೆ ಉಬ್ಬಿ ನೇಯ್ಗೆ ಬಿಗಿದುಕೊಂಡು ಗಾಳಿಯನ್ನು ತಡೆಯುತ್ತಿತ್ತು, ಮೈಯ ಶಾಖಕ್ಕೆ ಒಳಗೆ ಹಬೆಯಾಡುತ್ತಿತ್ತು.

ಆಪಲ್‌ಕ್ರಾಸ್‌ನ ಕೊಲ್ಲಿಯ ಎದುರು ವ್ಯಾನು ನಿಲ್ಲಿಸಿ ಒಂದು ರಾತ್ರಿ ಕಳೆದವರಿಗೆ ನಿಜವಾದ ಶತ್ರು ಯಾರೆಂಬುದು ಬೆಳಗಿನ ಹೊತ್ತಿಗೆ ಗೊತ್ತಾಗುತ್ತದೆ. ಚಳಿಯನ್ನು ಹೇಗೋ ಕಳೆಯಬಹುದು, ಎರಡು ಹೊದಿಕೆ ಹೆಚ್ಚು ಹೊದೆಯಬಹುದು. ಆದರೆ ಕಣ್ಣು ಬಿಟ್ಟಾಗ ಕಿಟಕಿಯ ಗಾಜಿನ ಮೇಲೆ ನೀರು ಹರಿಯುತ್ತಿರುತ್ತದೆ. ಚಾವಣಿಯ ತಿರುಪುಮೊಳೆಗಳ ತಲೆಯಲ್ಲಿ ಒಂದೊಂದು ಹನಿ ತೂಗುತ್ತಿರುತ್ತದೆ. ಹಾಸಿಗೆಯ ಅಡಿಭಾಗ ತಣ್ಣಗೆ ಒದ್ದೆಯಾಗಿರುತ್ತದೆ. ಮಳೆಯ ನೀರು ಒಳಗೆ ಬಂದಿದೆಯೆಂದು ಹಲವರು ಚಾವಣಿಯ ಬಿರುಕನ್ನು ಹುಡುಕುತ್ತಾರೆ. ಅದು ಮಳೆಯ ನೀರಲ್ಲ, ಮಲಗಿದವರದೇ ಉಸಿರು. ತಣ್ಣೀರು ತುಂಬಿದ ಹಿತ್ತಾಳೆಯ ತಂಬಿಗೆಯ ಹೊರಮೈ ಬೆವರುವಂತೆ, ತಣ್ಣನೆಯ ತಗಡನ್ನು ಮುಟ್ಟಿದ ಬೆಚ್ಚನೆಯ ಉಸಿರು ನೀರಾಗುತ್ತದೆ.

ಈ ನೀರಿನ ಲೆಕ್ಕ ಬೆರಗು ಹುಟ್ಟಿಸುವಂಥದು. ಮಲಗಿದ ಇಬ್ಬರು ಒಂದು ರಾತ್ರಿಯಲ್ಲಿ ಉಸಿರಿನಿಂದಲೂ ಚರ್ಮದಿಂದಲೂ ಅರ್ಧ ಲೀಟರಿಗೆ ಕಡಿಮೆಯಿಲ್ಲದಷ್ಟು ನೀರನ್ನು ಗಾಳಿಗೆ ಬಿಡುತ್ತಾರೆ. ಅಡುಗೆಯ ಅನಿಲ ಉರಿದಾಗ ಹುಟ್ಟುವ ನೀರು ಬೇರೆ: ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಮನೆಗಳಿಗೆ ಬರುವ 14.2 ಕಿಲೋ ಸಿಲಿಂಡರೊಂದು ಮುಗಿಯುವ ಹೊತ್ತಿಗೆ ಇಪ್ಪತ್ತೆರಡು ಲೀಟರಿನಷ್ಟು ನೀರನ್ನು ಅಡುಗೆಮನೆಯ ಗಾಳಿಗೆ ಸೇರಿಸಿರುತ್ತದೆಂದರೆ ಎಷ್ಟೋ ಗೃಹಿಣಿಯರು ನಂಬಲಾರರು. ಆದರೆ ಹತ್ತನೆಯ ತರಗತಿಯ ರಸಾಯನಶಾಸ್ತ್ರ ಬಲ್ಲ ಮಗ ಅದನ್ನು ಸಮೀಕರಣ ಬರೆದು ತೋರಿಸಬಲ್ಲ. ಇನ್ನು ವ್ಯಾನಿನೊಳಗಿನ ಗಾಳಿ ಸುಮಾರು 12 ಘನ ಮೀಟರ್. 20 ಡಿಗ್ರಿ ತಾಪದಲ್ಲಿ ಅಷ್ಟು ಗಾಳಿ ತನ್ನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಆವಿ ಹೆಚ್ಚೆಂದರೆ 200 ಗ್ರಾಂ ಚಿಲ್ಲರೆ. ಅರ್ಧ ಲೀಟರ್ ಬರುವಲ್ಲಿ ಪಾತ್ರೆ 200 ಗ್ರಾಮಿನದು. ಉಳಿದ ನೀರು ಎಲ್ಲಿಗೆ ಹೋಗಬೇಕು? ಗಾಜಿಗೆ ಹೋದರೆ ಬಟ್ಟೆಯಿಂದ ಒರೆಸಬಹುದು. ಪ್ಲೈವುಡ್ಡಿನ ಹಿಂದಿರುವ, ಯಾರ ಕಣ್ಣಿಗೂ ಬೀಳದ ತಗಡಿಗೆ ಹೋದರೆ ಎರಡು ಮೂರು ಚಳಿಗಾಲಗಳಲ್ಲಿ ಬೂಷ್ಟು, ತುಕ್ಕು, ಮಕ್ಕಳಿಗೆ ಕೆಮ್ಮು.

ಉಷ್ಣನಿರೋಧಕದ ಆಯ್ಕೆಯೆಂದರೆ ನೀರಿನೊಡನೆ ಹೇಗೆ ವ್ಯವಹರಿಸಬೇಕೆಂಬ ಆಯ್ಕೆಯೇ ಆಗಿದೆ ಎನ್ನುವುದು ಇಲ್ಲಿ ಸ್ಪಷ್ಟವಾಗುತ್ತದೆ. ವ್ಯಾನು ಕಟ್ಟುವವರಲ್ಲಿ ಎರಡು ಪಕ್ಷಗಳಿವೆ, ಎರಡರ ವಾದದಲ್ಲಿಯೂ ಹುರುಳಿದೆ. ರಬ್ಬರ್ ನೊರೆಯ ಪಕ್ಷದವರು ಆವಿಯನ್ನು ತಗಡಿನ ಬಳಿ ಸುಳಿಯಲೇ ಬಿಡಬಾರದೆನ್ನುತ್ತಾರೆ. ಅಂಟಿದ ನೊರೆಗೂ ತಗಡಿಗೂ ನಡುವೆ ಗಾಳಿಯೇ ಇಲ್ಲದಿದ್ದರೆ ನೀರಾಗಲು ಎಡೆಯೆಲ್ಲಿ? ಉಣ್ಣೆಯ ಪಕ್ಷದವರ ಉತ್ತರ: ಒಂದು ಸಂದೂ ಬಿಡದಂತೆ ಮುಚ್ಚಬಲ್ಲ ಕೈ ಯಾರದು? ಪ್ರತಿಯೊಂದು ತಿರುಪುಮೊಳೆಯೂ ಒಂದು ತೂತು. ಎಲ್ಲೋ ಒಳಹೊಕ್ಕ ನೀರಿಗೆ ಆಮೇಲೆ ಹೊರಬರುವ ದಾರಿಯೂ ಇರುವುದಿಲ್ಲ. ಅದಕ್ಕಿಂತ ಉಣ್ಣೆ ರಾತ್ರಿ ತೇವವನ್ನು ಹೀರಿ, ಹಗಲು ಬಾಗಿಲು ತೆರೆದಾಗ ಮರಳಿ ಬಿಟ್ಟುಕೊಡಲಿ. ವಾದ ಸರಿಯೇ, ಆದರೆ ಅದು ಬಾಗಿಲು ತೆರೆದಿಡುವ ಒಣ ಹಗಲೊಂದನ್ನು ಅಪೇಕ್ಷಿಸುತ್ತದೆ. ಬೇಸಿಗೆಯ ಪ್ರವಾಸಿಗೆ, ವಾರದ ಕೊನೆಗೆ ಹೊರಟು ಉಳಿದ ದಿನ ಗಾಡಿಯನ್ನು ಖಾಲಿ ನಿಲ್ಲಿಸುವವನಿಗೆ ಆ ಹಗಲು ಸಿಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ವ್ಯಾನಿನಲ್ಲಿಯೇ ಬಾಳುವವನಿಗೆ ಸಿಗುವುದಿಲ್ಲ, ಅವನ ಉಣ್ಣೆ ತುಂಬಿಕೊಳ್ಳುತ್ತಲೇ ಇರುತ್ತದೆ. ಆದುದರಿಂದ ತಗಡಿನ ಮೈಗೆ ತೆಳುವಾಗಿ ರಬ್ಬರ್ ನೊರೆಯನ್ನು ಅಂಟಿಸಿ, ಅದರ ಮುಂದಿನ ಟೊಳ್ಳಿಗೆ ಉಣ್ಣೆಯನ್ನು ಸಡಿಲವಾಗಿ ತುಂಬುವವರ ಕ್ರಮವೇ ಈ ಹವೆಗೆ ಹೆಚ್ಚು ಒಗ್ಗುವಂತೆ ತೋರುತ್ತದೆ. ಖರ್ಚು ಎರಡು ಬಗೆಯದಾಗುತ್ತದೆ, ಆದರೆ ಒಂದರ ಕೊರತೆಯನ್ನು ಇನ್ನೊಂದು ಸ್ವಲ್ಪವಾದರೂ ತುಂಬುತ್ತದೆ.

ಯಾವುದನ್ನು ತುಂಬಿದರೂ ಗಾಳಿಯ ಕಿಂಡಿಯಿಲ್ಲದೆ ಕೆಲಸ ನಡೆಯದು. ಮಳೆ ಸುರಿಯುತ್ತಿರುವಾಗ ಕಿಂಡಿ ತೆರೆದರೆ ತೇವ ಒಳಬರುತ್ತದೆಂದು ಎಲ್ಲರೂ ಎಣಿಸುತ್ತಾರೆ. ನಿಜ ಸಂಗತಿ ಇದಕ್ಕೆ ವಿರುದ್ಧ. ಹೊರಗಿನ 5 ಡಿಗ್ರಿಯ ಗಾಳಿ ಮಳೆಯಿಂದ ಪೂರ್ತಿ ತುಂಬಿದ್ದರೂ ಒಂದು ಘನ ಮೀಟರಿಗೆ 7 ಗ್ರಾಮಿಗಿಂತ ಹೆಚ್ಚು ಆವಿಯನ್ನು ಹೊತ್ತಿರಲಾರದು. ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದಾಗ 17 ಗ್ರಾಮನ್ನು ಹೊರಬಲ್ಲದು. ಎಂದರೆ ಅದು ಬಾಯಾರಿದ ಗಾಳಿ. ಒಳಗಿನ ತೇವವನ್ನು ಕುಡಿದುಕೊಂಡು ಚಾವಣಿಯ ಕಿಂಡಿಯಿಂದ ಹೊರಹೋಗುತ್ತದೆ. ಮಳೆಯ ರಾತ್ರಿಯಲ್ಲಿಯೂ ಕೆಳಗೊಂದು, ಮೇಲೊಂದು ಕಿಂಡಿಯನ್ನು ತೆರೆದಿಟ್ಟವನ ಗೋಡೆ ಒಣಗಿರುತ್ತದೆ. ಭದ್ರವಾಗಿ ಮುಚ್ಚಿಕೊಂಡವನದು ಒದ್ದೆಯಾಗಿರುತ್ತದೆ. ಬೇಸಿಗೆಯಲ್ಲಿ ಈ ಕಿಂಡಿಗಳಿಗೆ ಬಲು ಸಣ್ಣ ಕಣ್ಣಿನ ಜಾಳಿಗೆ ಬೇಕು, ಏಕೆಂದರೆ ಹೈಲ್ಯಾಂಡಿನ 'ಮಿಜ್' ಎಂಬ ಕಚ್ಚುವ ನೊರಜು ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ನುಸುಳಿಬರುತ್ತದೆ.

ಕಿಂಡಿ ಮುಚ್ಚುವುದರ ಅಪಾಯ ಒದ್ದೆ ಗೋಡೆಗೇ ಮುಗಿಯುವುದಿಲ್ಲ. ಮುಚ್ಚಿದ ವ್ಯಾನಿನಲ್ಲಿ ಒಲೆ ಉರಿಸಿಕೊಂಡರೆ, ಊಟ ಮುಗಿದ ಮೇಲೆ ಇದ್ದಿಲ ಅಗ್ಗಿಷ್ಟಿಕೆಯನ್ನು ಬೆಚ್ಚಗಿರಲೆಂದು ಒಳಗೆ ತಂದಿಟ್ಟುಕೊಂಡರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಮಲಗಿದವರು ಏಳುವುದಿಲ್ಲ. ಬ್ರಿಟನ್ನಿನ ಡೇರೆಗಳಲ್ಲಿಯೂ ಗಾಡಿಗಳಲ್ಲಿಯೂ ಇಂಥ ಸಾವುಗಳು ಆಗಿವೆ. ಆದುದರಿಂದ ಬಲ್ಲವರು ಉರಿಯುವ ಗಾಳಿಯನ್ನು ಹೊರಗಿನಿಂದಲೇ ಸೇದಿ ಹೊಗೆಯನ್ನು ಹೊರಗೇ ಬಿಡುವ ಡೀಸೆಲ್ ಬಿಸಿಯಂತ್ರವನ್ನು ಕೂರಿಸುತ್ತಾರೆ. ಈ ವಿಷಾನಿಲವನ್ನು ಗುರುತಿಸಿ ಕೂಗುವ ಪುಟ್ಟ ಗಂಟೆಯನ್ನೂ ಹಾಕುತ್ತಾರೆ. ಉಣ್ಣೆಗೆ ನೂರಾರು ಪೌಂಡ್ ಸುರಿದು ಆ ಗಂಟೆಗೆ ಇಪ್ಪತ್ತು ಪೌಂಡ್ ಖರ್ಚು ಮಾಡಲು ಹಿಂದೆಗೆಯುವುದು ಜಿಪುಣತನವೂ ಅಲ್ಲ, ಹುಚ್ಚುತನ.

ಉತ್ತರಕ್ಕೆ ಸಾಗಿ ಅಲಪೂಲ್ ಎಂಬ ಬಿಳಿಗೋಡೆಗಳ ಬಂದರನ್ನು ಸೇರುವ ಹೊತ್ತಿಗೆ ಇನ್ನೊಂದು ಪಾಠ ಆಗಿರುತ್ತದೆ. ಗೋಡೆಗೆ ಎಷ್ಟೇ ಹೊದಿಸಿದರೂ ಚಾಲಕನ ಮುಂದಿನ ಗಾಜು ಬತ್ತಲೆಯಾಗಿಯೇ ಇರುತ್ತದೆ. ಮುಂಭಾಗದ ಗಾಜುಗಳೆಲ್ಲ ಸೇರಿ ಮೂರು ಚದರ ಮೀಟರಾದರೆ ಅವುಗಳ ಮೂಲಕ ಸೋರುವ ಶಾಖ 350 ವ್ಯಾಟ್. 50 ಮಿಲಿಮೀಟರ್ ಉಣ್ಣೆ ಹೊದಿಸಿದ ಮಿಕ್ಕ ಇಡೀ ಮೈಯಿಂದ ಸೋರುವಷ್ಟೇ ಹೆಚ್ಚುಕಡಿಮೆ. ಚಾಲಕನ ಆಸನದ ಹಿಂದೆ ಇಳಿಬಿಟ್ಟ ಒಂದು ದಪ್ಪ ಪರದೆ ಗೋಡೆಯ ಮತ್ತೊಂದು ಅಂಗುಲಕ್ಕಿಂತ ಹೆಚ್ಚು ಉಪಕಾರಿ. ಕಡಲ ಬದಿಯಲ್ಲಿ ಬೆಚ್ಚನೆಯ ಪ್ರವಾಹವೊಂದು ಅಟ್ಲಾಂಟಿಕ್ ದಾಟಿ ಬರುವುದರಿಂದ ಚಳಿ ಅಷ್ಟು ಕಟುವಲ್ಲ. ಒಳನಾಡಿನ ಮಾತು ಬೇರೆ: ಸದರ್‌ಲ್ಯಾಂಡಿನ ಆಲ್ಟ್ನಹಾರಾ ಎಂಬ ಕುಗ್ರಾಮದಲ್ಲಿ 1995ರ ಡಿಸೆಂಬರ್ 30ರಂದು ತಾಪ ಸೊನ್ನೆಗಿಂತ 27.2 ಡಿಗ್ರಿ ಕೆಳಗೆ ಇಳಿದಿತ್ತು. ಬ್ರಿಟನ್ನಿನಲ್ಲಿ ಅದಕ್ಕಿಂತ ಕೆಳಗಿನ ತಾಪ ದಾಖಲಾಗಿಲ್ಲ. ಹಾಗಿದ್ದೂ ವ್ಯಾನುಗಳನ್ನು ಹಾಳುಮಾಡುವುದು ಆಲ್ಟ್ನಹಾರಾದ ಒಣ ಕೊರೆತಕ್ಕಿಂತ ಕಡಲ ಬದಿಯ ಮೆತ್ತನೆಯ ತೇವವೇ.

ಎಲ್ಲಿ ನಿಲ್ಲಬೇಕೆಂಬುದರ ಬಗ್ಗೆ ಒಂದು ಮಾತು. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯಿದೆಯು ಬೆಟ್ಟ ಬಯಲುಗಳಲ್ಲಿ ನಡೆದಾಡುವ, ಡೇರೆ ಹಾಕುವ ಉದಾರವಾದ ಹಕ್ಕನ್ನು ಜನರಿಗೆ ಕೊಟ್ಟಿದೆ. ಆ ಹಕ್ಕು ಕಾಲಿಗೆ ಇದೆ, ಸೈಕಲ್ಲಿಗೆ ಇದೆ, ಕುದುರೆಗೂ ಇದೆ. ಮೋಟಾರು ಗಾಡಿಗೆ ಇಲ್ಲ. ವ್ಯಾನಿನವರು ಬಹುತೇಕ ಇದನ್ನು ತಪ್ಪಾಗಿ ತಿಳಿದಿರುತ್ತಾರೆ.

ಅಲಪೂಲಿನಿಂದ ಹಡಗು ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಲೂಯಿಸ್ ದ್ವೀಪದ ಸ್ಟಾರ್ನೊವೇ ಬಂದರಿಗೆ ಮುಟ್ಟುತ್ತದೆ. ಮರಗಳಿಲ್ಲದ, ಕಣ್ಣು ಹಾಯುವವರೆಗೆ ಕಂದು ಜೌಗು ಹರಡಿದ ನಾಡು. ಪಶ್ಚಿಮದ ಅಂಚಿನ ಆರ್ನಲ್ ಹಳ್ಳಿಯಲ್ಲಿ 42ನೆಯ ಸಂಖ್ಯೆಯ ಮನೆಯೊಂದನ್ನು ಸರ್ಕಾರದ ಪುರಾತತ್ವ ಸಂಸ್ಥೆ ಕಾಪಾಡಿಕೊಂಡು ಬಂದಿದೆ. ಗೇಲಿಕ್ಕಿನಲ್ಲಿ ಇಂಥ ಮನೆಗೆ 'ಟೈ ಡೂ', ಕರಿಮನೆ, ಎಂದು ಹೆಸರು. 1960ರ ದಶಕದವರೆಗೂ ಇದರಲ್ಲಿ ಜನ ಬಾಳಿದರು. ಗಾರೆಯಿಲ್ಲದೆ ಕಲ್ಲನ್ನು ಪೇರಿಸಿ ಕಟ್ಟಿದ ಎರಡು ಗೋಡೆಗಳು, ಅವೆರಡರ ನಡುವೆ ತುಂಬಿದ ಮಣ್ಣು. ಹುಲ್ಲಿನ ಮಾಡು ಹೊರಗೋಡೆಯವರೆಗೆ ಚಾಚದೆ ಒಳಗೋಡೆಯ ಮೇಲೆಯೇ ಕೂತಿದೆ. ಹೊರಚಾಚಿದ ಸೂರನ್ನು ಹಿಡಿದೆತ್ತಲು ಗಾಳಿಗೆ ಅವಕಾಶವೇ ಇಲ್ಲ. ಮಾಡಿನಿಂದ ಇಳಿದ ಮಳೆ ನಡುವಿನ ಮಣ್ಣಿನೊಳಗೆ ಇಳಿಯುತ್ತದೆ, ನೆನೆದ ಮಣ್ಣು ಕಲ್ಲುಗಳ ಸಂದಿನಿಂದ ಗಾಳಿ ನುಗ್ಗದಂತೆ ತಡೆಯುತ್ತದೆ. ಮೂಲೆಗಳು ದುಂಡಗಿವೆ. ಮಾಡಿನ ಮೇಲೆ ಹಾಸಿದ ಹಗ್ಗಗಳ ತುದಿಗೆ ಕಲ್ಲುಗಳನ್ನು ಕಟ್ಟಿ ಇಳಿಬಿಟ್ಟಿದ್ದಾರೆ.

ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಹೊಗೆ ತಾಕುತ್ತದೆ. ನಡುಮನೆಯ ನೆಲದ ಮೇಲೆ, ಹೊಗೆಗೂಡಿಲ್ಲದೆ, ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಎಂಬ ಮಣ್ಣಿನ ಹೆಂಟೆಗಳು ಕೆಂಪಗೆ ಉರಿಯುತ್ತಿರುತ್ತವೆ. ಒಂದೇ ಮಾಡಿನ ಕೆಳಗೆ ಅತ್ತ ಹಸುಗಳು, ಇತ್ತ ಮನುಷ್ಯರು. ಹಸುಗಳ ಮೈಬಿಸಿಯೂ ಮನೆಯ ಲೆಕ್ಕಕ್ಕೆ ಸೇರುತ್ತಿತ್ತು. ಇಷ್ಟು ಉಸಿರುಗಳು ಸೇರಿದ ಮನೆ ವ್ಯಾನಿನ ಲೆಕ್ಕದಂತೆ ತೊಟ್ಟಿಕ್ಕಬೇಕಾಗಿತ್ತು. ಆದರೆ ಹಗಲಿರುಳು ಆರದ ಬೆಂಕಿ ಆವಿಯನ್ನು ಮೇಲಕ್ಕೆ ಎಳೆದು ಹುಲ್ಲಿನ ಸಂದುಗಳಿಂದ ಹೊರಗೆ ಕಳಿಸುತ್ತಿತ್ತು. ಕಿಂಡಿಯೆಂಬ ಬೇರೆ ಕಿಂಡಿ ಬೇಕಿರಲಿಲ್ಲ; ಇಡೀ ಮಾಡೇ ಕಿಂಡಿ. ಹೊಗೆ ಕಣ್ಣನ್ನೂ ಎದೆಯನ್ನೂ ಕೆಡಿಸುತ್ತಿತ್ತೆಂಬುದನ್ನು ಮರೆತು ಈ ಮನೆಯನ್ನು ಹಾಡಿಹೊಗಳುವುದು ಸರಿಯಲ್ಲ, ಅವಕಾಶ ಸಿಕ್ಕಿದ ಜನ ಇದನ್ನು ಬಿಟ್ಟು ಹೊರಟುದು ಸುಮ್ಮನಲ್ಲ. ಆದರೂ ಮಸಿ ಹಿಡಿದ ಹುಲ್ಲನ್ನು ಕಿತ್ತು ಹೊಲಕ್ಕೆ ಗೊಬ್ಬರವಾಗಿ ಹಾಕಿ ಮಾಡಿಗೆ ಹೊಸ ಹುಲ್ಲು ಹೊದಿಸುತ್ತಿದ್ದವರು, ಗೋಡೆಯನ್ನೂ ನೀರನ್ನೂ ಗಾಳಿಯನ್ನೂ ಬೆಂಕಿಯನ್ನೂ ಒಟ್ಟಿಗೇ ಯೋಚಿಸಿದ್ದರೆಂಬುದಂತೂ ನಿಜ. ಸಂಸ್ಥೆಯವರು ಈಗಲೂ ಮನೆ ತೆರೆದ ದಿನಗಳಲ್ಲಿ ಆ ಬೆಂಕಿಯನ್ನು ಉರಿಸುತ್ತಾರೆ.

ಮರಳುವ ಹಡಗನ್ನು ಹತ್ತುವ ಮೊದಲು ವ್ಯಾನಿನವರು ಅನಿಲದ ಸಿಲಿಂಡರನ್ನು ತಿರುಗಿಸಿ ಮುಚ್ಚಬೇಕು. ಗಾಡಿಗಳನ್ನು ಕೆಳಗಿನ ಅಂತಸ್ತಿನಲ್ಲಿ ಸಾಲಾಗಿ ನಿಲ್ಲಿಸಿ, ಬೀಗ ಹಾಕಿ, ಜನರೆಲ್ಲ ಮೇಲಿನ ಅಂತಸ್ತಿಗೆ ಹೋಗುತ್ತಾರೆ. ಪಯಣ ಮುಗಿಯುವವರೆಗೆ ಕೆಳಗೆ ಇಳಿಯುವಂತಿಲ್ಲ. ಕಡಲ ಮೇಲೆ ಮಳೆ, ಒಳಗೆ ಬಿಸಿ ಚಹಾ, ಎರಡೂವರೆ ಗಂಟೆ. ಅಲಪೂಲಿನಲ್ಲಿ ಬಾಗಿಲು ತೆರೆದು ತಣ್ಣಗಾದ ವ್ಯಾನಿನೊಳಗೆ ಹೊಕ್ಕಾಗ ಗಾಜಿನ ಮೇಲೆ ಒಂದು ಹನಿಯೂ ಇರುವುದಿಲ್ಲ. ಅಷ್ಟು ಹೊತ್ತು ಅದರಲ್ಲಿ ಯಾರೂ ಉಸಿರಾಡಿರಲಿಲ್ಲ.